ಬಿಡಿ ಎಂದರೆ ಏನು ಬಿಡಬೇಕು?

ಹಣ್ಣು ಹಾಕಿ ಗುಂಡಿ ತಿರುಗಿಸಿದರೆ ಜ್ಯೂಸರ್ ಅರ್ಧದಲ್ಲಿ ತಾನಾಗಿಯೇ ನಿಂತುಹೋಗುತ್ತದೆ ಎಂಬುದು ಮೊದಲ ದೂರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದದ್ದು ಕನ್ನಡಕ್ಕೆ. ಅದಕ್ಕೇ ನನ್ನನ್ನು ಕರೆಸಿದ್ದರು.

ಯಂತ್ರಗಳ ಜೊತೆ ಬರುವ ಕೈಪಿಡಿ ಬರೆಯುವುದು ನನ್ನ ಕಸುಬು. ಕೊಂಡವರು ಡಬ್ಬ ಬಿಚ್ಚಿದ ಕೂಡಲೇ ಥರ್ಮಾಕೋಲಿನ ಜೊತೆ ಅಟ್ಟಕ್ಕೆ ಎಸೆಯುವ ತೆಳು ಪುಸ್ತಕ ಇರುತ್ತದಲ್ಲ, ಅದರ ಕರ್ತೃ ನಾನು. ಈ ಸಾಹಿತ್ಯ ಪ್ರಕಾರಕ್ಕೆ ವಿಮರ್ಶಕರಿಲ್ಲ, ಸಮ್ಮೇಳನವಿಲ್ಲ, ಶಾಲು ಹೊದಿಸುವವರಂತೂ ಇಲ್ಲವೇ ಇಲ್ಲ. ಆದರೆ ಓದುಗ ಅಪಾರ್ಥ ಮಾಡಿಕೊಂಡರೆ ಕೃತಿಯೇ ಶಾಕ್ ಹೊಡೆಯಬಹುದು ಎಂಬ ಒಂದು ಘನತೆ ಇದೆ. ಬೇರೆ ಸಾಹಿತಿಗಳಿಗೆ ಅದು ಸುಲಭವಾಗಿ ದಕ್ಕುವಂಥದ್ದಲ್ಲ.

ಜ್ಯೂಸರಿನ ಒಡತಿಯ ಶೆಡ್ಡು ಮೈಸೂರಿನ ಮೇಟಗಳ್ಳಿಯಲ್ಲಿ. ಬಹಳ ಕಾಲ ಬೇರೆಯವರ ಮಿಕ್ಸಿಗಳಿಗೆ ಗುಂಡಿ, ಮುಚ್ಚಳ, ಹಿಡಿಕೆ ಮಾಡಿಕೊಟ್ಟು ಬದುಕಿದವರು. ಈಗ ಮೊದಲ ಸಲ ಪೂರ್ತಿ ಯಂತ್ರವೊಂದನ್ನು ತಾವೇ ಮಾಡಿ, ತಮ್ಮದೇ ಹೆಸರು ಅಚ್ಚೊತ್ತಿಸಿ ಮಾರುಕಟ್ಟೆಗೆ ಬಿಟ್ಟಿದ್ದರು. ಮಾರುಕಟ್ಟೆ ಎಂದರೆ ಒಂದೇ ಅಂಗಡಿ. ಲಷ್ಕರ್ ಮೊಹಲ್ಲಾದಲ್ಲಿ ಪಾತ್ರೆ, ಕುಕ್ಕರು, ಫ್ಯಾನು ಮಾರುವ ಒಬ್ಬರು, ಹೊಸಬರ ಮಾಲನ್ನು ಬೇರೆ ಯಾರೂ ಮುಟ್ಟದಿದ್ದಾಗ, "ಇರ್ಲಿ, ಬೇಸಿಗೆವರ್ಗೂ ನೋಡಾಣ" ಎಂದು ಇಟ್ಟುಕೊಂಡಿದ್ದರು. ಅವರು ಕೈ ಎತ್ತಿದರೆ ಒಡತಿ ಮತ್ತೆ ಬೇರೆಯವರ ಗುಂಡಿಗಳಿಗೆ ಮರಳಬೇಕು. ಶೆಡ್ಡಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು.

"ಬನ್ನಿ ಮೇಷ್ಟ್ರೇ," ಎಂದರು ಒಡತಿ, ನಾನು ಹೋದ ದಿನ. ನಾನು ಯಾರಿಗೂ ಪಾಠ ಹೇಳಿದವನಲ್ಲ. ಕನ್ನಡ ಬರೆಯುವವನೆಂದರೆ ಮೇಷ್ಟ್ರೇ ಇರಬೇಕೆಂಬುದು ಅವರ ತೀರ್ಮಾನ. ತಿದ್ದಲು ಹೋಗಲಿಲ್ಲ.

ಯಂತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಇದು ಬ್ಲೇಡಿನಲ್ಲಿ ಕೊಚ್ಚುವ ಜಾತಿಯದಲ್ಲ. ಬಟ್ಟಲಿನೊಳಗೆ ಒಂದು ದಪ್ಪ ಸ್ಕ್ರೂ ನಿಧಾನವಾಗಿ ತಿರುಗುತ್ತ ಹಣ್ಣನ್ನು ಜರಡಿಗೆ ಒತ್ತಿ ಹಿಂಡುತ್ತದೆ. ಒಂದು ಬಾಯಿಂದ ರಸ ಬರುತ್ತದೆ, ಇನ್ನೊಂದು ಬಾಯಿಂದ ಹಿಪ್ಪೆ. ಮುಂದೆ ಇರುವ ಗುಂಡಿಯಲ್ಲಿ ನಿಲ್ಲಿಸುವ ಜಾಗವಲ್ಲದೆ ಮೂರು ಸ್ಥಾನ: ನಿಧಾನ, ಬೇಗ, ಹಿಂದಕ್ಕೆ. ಅದನ್ನು ಯಾರೂ ತಪ್ಪು ತಿಳಿದಿರಲಿಲ್ಲ. ತಕರಾರೆಲ್ಲ ಹಿಪ್ಪೆಯ ಬಾಯಿಗೆ ಇರುವ ಹೆಬ್ಬೆರಳುದ್ದದ ಒಂದು ಲಿವರಿನದು. ಅದನ್ನು ಎಡಕ್ಕೆ ಸರಿಸಿದರೆ ಹಿಪ್ಪೆಯ ದಾರಿ ಮುಚ್ಚುತ್ತದೆ, ಬಲಕ್ಕೆ ಸರಿಸಿದರೆ ತೆರೆಯುತ್ತದೆ. ಮೊದಲು ಮುಚ್ಚಿರಬೇಕು, ಆಗ ಒಳಗೆ ಒತ್ತಡ ಹುಟ್ಟಿ ರಸ ಚೆನ್ನಾಗಿ ಇಳಿಯುತ್ತದೆ. ಹಿಪ್ಪೆ ಬಾಯಿಗೆ ಬಂದು ನಿಂತಾಗ ತೆರೆಯಬೇಕು. ಇಲ್ಲದಿದ್ದರೆ ಹಿಪ್ಪೆ ಒಳಗೇ ಗಟ್ಟಿಯಾಗಿ ಕೂತು ಮುಚ್ಚಳವನ್ನೂ ಕಚ್ಚಿ ಹಿಡಿಯುತ್ತದೆ. ಜ್ಯೂಸಿನ ಸಕಲ ಯೋಗಕ್ಷೇಮವೂ ಈ ಲಿವರಿನ ಮೇಲೆ ನಿಂತಿದೆ.

ಒಡತಿ ಮೊದಲು ತಾವೇ ಲಿವರಿನ ಒಂದು ಬದಿಗೆ "ಮುಚ್ಚಿ", ಇನ್ನೊಂದು ಬದಿಗೆ "ತೆರೆಯಿರಿ" ಎಂದು ಹಾಕಿಸಿದ್ದರು. ಯಾವ ತಪ್ಪೂ ಇಲ್ಲದ ಕನ್ನಡ. ಜನ ಓದಿದರು, ಪಾಲಿಸಿದರು, ಯಂತ್ರದ ಮುಚ್ಚಳವನ್ನೇ ತೆರೆದರು. ಮುಚ್ಚಳ ಸ್ವಲ್ಪ ಸರಿದರೂ ಮೋಟಾರು ನಿಲ್ಲುವಂತೆ ಸುರಕ್ಷತೆಯ ಏರ್ಪಾಡು ಇತ್ತು. ನಿಂತಿತು. ದೂರು ಬಂತು.

ನಾನು ಬಹಳ ಹೊತ್ತು ಯೋಚಿಸಿದವನಂತೆ ಕಾಣಿಸಿಕೊಂಡು ಪರಿಹಾರ ಕೊಟ್ಟೆ. "ಮುಚ್ಚು" ಎಂಬ ಧಾತು ಮುಚ್ಚಳದ ಆಸ್ತಿ. ಲಿವರಿಗೆ ಅದನ್ನು ಕೊಡಬಾರದು. ಲಿವರಿಗೆ ಬೇರೆ ಜೋಡಿ ಬೇಕು. ಚಿಕ್ಕದಾಗಿರಬೇಕು, ಪ್ರಾಸವಿದ್ದರೆ ನೆನಪಿನಲ್ಲಿ ಉಳಿಯುತ್ತದೆ. ಎಡಕ್ಕೆ "ಹಿಡಿ", ಬಲಕ್ಕೆ "ಬಿಡಿ". ಕಣ್ಣು ಬಿಡು, ಬಾಯಿ ಬಿಡು, ಕಾಲುವೆಗೆ ನೀರು ಬಿಡು. ಕನ್ನಡಿಗನಿಗೆ ಇದಕ್ಕಿಂತ ತಿಳಿಯಾಗಿ ತೆರೆಯುವುದನ್ನು ಹೇಳುವುದಾದರೂ ಹೇಗೆ?

"ಹಿಡಿ–ಬಿಡಿ," ಎಂದು ಒಡತಿ ಒಂದೆರಡು ಸಲ ಹೇಳಿ ನೋಡಿದರು. "ಚೆನ್ನಾಗಿದೆ ಕಣ್ರೀ. ಪದ್ಯ ಇದ್ದಂಗಿದೆ."

ನಾನು ವಿನಯದಿಂದ ತಲೆ ತಗ್ಗಿಸಿದೆ.

ಕೈಪಿಡಿಯನ್ನು ಹೊಸದಾಗಿ ಬರೆಯುವ ಮೊದಲು ಯಂತ್ರವನ್ನು ನಾನೇ ನಡೆಸಿ ನೋಡಬೇಕೆಂಬುದು ನನ್ನ ಹಳೆಯ ಪದ್ಧತಿ. ಶೆಡ್ಡಿನ ಮೂಲೆಯ ಮೇಜಿನ ಮೇಲೆ ಆ ಪ್ರಯೋಗಗಳು ನಡೆದವು. ಕ್ಯಾರೆಟ್ಟನ್ನು "ಬೇಗ"ದಲ್ಲಿ ಓಡಿಸಿದರೆ ರಸಕ್ಕಿಂತ ನೊರೆ ಹೆಚ್ಚು, ಲೋಟದಲ್ಲಿ ಸ್ವಲ್ಪ ಹೊತ್ತಿಟ್ಟರೆ ಕೆಳಗೆ ನೀರು, ಮೇಲೆ ಕೆಸರು. "ನಿಧಾನ"ದಲ್ಲಿ ಅದೇ ಕ್ಯಾರೆಟ್ ಮರ್ಯಾದೆಯಾಗಿ ಇಳಿಯಿತು. ದ್ರಾಕ್ಷಿ, ಕಿತ್ತಳೆಗಳಿಗೆ "ಬೇಗ" ಆಗಬಹುದು, ಏಕೆಂದರೆ ಅವು ಹಿಂಡಿಸಿಕೊಳ್ಳಲು ಕಾದೇ ಇರುತ್ತವೆ. ಶುಂಠಿ, ಅನಾನಸ್‌ಗಳನ್ನು ನಾರಿಗೆ ಅಡ್ಡವಾಗಿ ಚಿಕ್ಕದಾಗಿ ಕತ್ತರಿಸದಿದ್ದರೆ ನಾರು ಸ್ಕ್ರೂವಿಗೆ ಜನಿವಾರದಂತೆ ಸುತ್ತಿಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕಿದರೆ ಯಂತ್ರ ಮುಲುಗುತ್ತದೆ. ತುಸು ಹೊತ್ತು ಹೊರಗಿಟ್ಟರೆ ಮುಲುಗುವುದಿಲ್ಲ. ಮೇಲಿಂದ ಒತ್ತುಗೋಲಿನಲ್ಲಿ ತುರುಕುವುದು ಮೂರ್ಖತನ: ಸ್ಕ್ರೂ ತನಗೆ ಬೇಕಾದಷ್ಟನ್ನು ತಾನೇ ಎಳೆದುಕೊಳ್ಳುತ್ತದೆ. ಗಟ್ಟಿ ತರಕಾರಿ ಒಂದು ಹಿಡಿ, ಅದರ ಹಿಂದೆ ರಸದ ಹಣ್ಣು ಒಂದು ತುಂಡು, ಹೀಗೆ ಸರದಿಯಲ್ಲಿ ಹಾಕಿದರೆ ಹಣ್ಣು ತರಕಾರಿಯನ್ನು ತಳ್ಳಿಕೊಂಡು ಹೋಗುತ್ತದೆ.

ಲಿವರಿನ ಲೆಕ್ಕಾಚಾರಕ್ಕೆ ಹಿಪ್ಪೆಯೇ ಸಾಕ್ಷಿ. ಹಿಪ್ಪೆಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಬೇಕು. ಬೆರಳ ಸಂದಿಯಿಂದ ರಸ ಜಿನುಗಿದರೆ ದಾರಿಯನ್ನು ಬೇಗ ತೆರೆದಿರಿ ಎಂದರ್ಥ. ಅವಲಕ್ಕಿ ಪುಡಿಯಂತೆ ಉದುರಿದರೆ ಸರಿ. ಯಂತ್ರದ ಸದ್ದು ದಪ್ಪವಾಗತೊಡಗಿದರೆ ತಡಮಾಡಿದಿರಿ. ಆಗ ಗುಂಡಿಯನ್ನು ಪೂರ್ತಿ ನಿಲ್ಲಿಸಿ, ಸ್ಕ್ರೂ ನಿಂತದ್ದನ್ನು ನೋಡಿ, ಆಮೇಲೆ "ಹಿಂದಕ್ಕೆ" ಒಂದು ಚೂರು ತಿರುಗಿಸಬೇಕು.

ರಸಬಾಳೆಯ ಪ್ರಸಂಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಗೆ ವಾಪಸ್ ಬಂದ ಒಂದು ಯಂತ್ರದ ತುಂಬ ಬಾಳೆಹಣ್ಣಿನ ಅಂಟು. ಬಾಳೆಹಣ್ಣಿನಿಂದ ರಸ ತೆಗೆಯಲು ಬ್ರಹ್ಮನಿಂದಲೂ ಆಗದು; ಅದು ಮುದ್ದೆಯಾಗುತ್ತದೆ ಅಷ್ಟೆ. ಕೊಂಡವರನ್ನು ವಿಚಾರಿಸಿದರೆ, "ಹೆಸರಲ್ಲೇ ರಸ ಇದ್ಯಲ್ಲ ಸಾರ್, ನಂಜನಗೂಡು ರಸಬಾಳೆ! ಬೇರೆ ಬಾಳೆ ಹಾಕಕ್ಕೆ ನಮ್ಗೇನ್ ತಲೆ ಕೆಟ್ಟಿದ್ಯಾ?" ಎಂದರಂತೆ. ಅವರ ತರ್ಕದಲ್ಲಿ ಲೋಪ ಹುಡುಕಲು ನನ್ನಿಂದಾಗಲಿಲ್ಲ. ಕೈಪಿಡಿಗೆ ಒಂದು ಸಾಲು ಸೇರಿಸಿದೆ. ಪದವೊಂದು ಯಂತ್ರವನ್ನು ಕೆಡಿಸಬಲ್ಲದೆಂದು ಆ ಬಾಳೆಹಣ್ಣು ನನಗೆ ಮುಂಚಿತವಾಗಿಯೇ ಎಚ್ಚರಿಸಿತ್ತು. ನಾನು ನಕ್ಕು ಮುಂದೆ ಹೋದೆ.

ಹೊಸ ಸ್ಟಿಕ್ಕರು ಅಂಟಿಸಿದ ಜ್ಯೂಸರುಗಳು ಲಷ್ಕರ್ ಮೊಹಲ್ಲಾಕ್ಕೆ ಹೋದವು. ಅರ್ಧದಲ್ಲಿ ನಿಲ್ಲುವ ದೂರು ನಿಂತಿತು. ಅದರ ಜಾಗದಲ್ಲಿ ಹೊಸದೊಂದು ಬಂತು: ಮುಚ್ಚಳ ತೆಗೆಯಲು ಬರುವುದಿಲ್ಲ.

ಮೊದಲು ವಾಪಸ್ ಬಂದ ಯಂತ್ರವನ್ನು ನಾನೂ ಒಡತಿಯೂ ಎದುರುಬದುರು ಕೂತು, ಅವರು ಬಟ್ಟಲನ್ನೂ ನಾನು ಮುಚ್ಚಳವನ್ನೂ ಹಿಡಿದು, ಬೀಸುವ ಕಲ್ಲು ತಿರುಗಿಸಿದ ಹಾಗೆ ತಿರುಗಿಸಿದೆವು. ಬಿಸಿನೀರಿನಲ್ಲಿ ನೆನೆಹಾಕಿದ ಮೇಲೆ ಕೈಗೆ ಬಂತು. ಒಳಗೆ ಯಾರದೋ ಮನೆಯ ಕ್ಯಾರೆಟ್ ಇಟ್ಟಿಗೆಯಾಗಿ ಕೂತಿತ್ತು. ಲಿವರು "ಹಿಡಿ"ಯಲ್ಲೇ ಇತ್ತು.

"ತೆರ್ದೇ ಇಲ್ಲ ಇವ್ರು," ಎಂದರು ಒಡತಿ.

"ಓದಿರಲಿಕ್ಕಿಲ್ಲ," ಎಂದೆ ನಾನು. ಕೈಪಿಡಿ ಬರೆಯುವವರ ಶಾಶ್ವತ ಸಮಾಧಾನ ಅದು. ತಪ್ಪು ಯಾವಾಗಲೂ ಓದದವನದು.

ಓದದವನಿಗೂ ಕಾಣಿಸಲೆಂದು ನಾನು ಅಕ್ಷರ ದೊಡ್ಡದು ಮಾಡಿಸಿದೆ. ಕೆಂಪು ಬಣ್ಣದಲ್ಲಿ, "ಹಿಪ್ಪೆ ಬಂದಾಗ ಲಿವರ್ ಬಿಡಿ!" ಎಂದು ಆಶ್ಚರ್ಯಸೂಚಕ ಚಿಹ್ನೆಯನ್ನೂ ಕೊಟ್ಟು, ಮುಚ್ಚಳದ ಮೇಲೇ ಅಂಟಿಸಿದೆವು. ಆಶ್ಚರ್ಯ ಸೂಚಿಸುವ ಸರದಿ ನಮ್ಮದಾಯಿತು. ಮೊದಲಿಗಿಂತ ಹೆಚ್ಚು ಯಂತ್ರಗಳು ಮುಚ್ಚಳ ಕಚ್ಚಿಕೊಂಡು ಬಂದವು.

ಅಂಗಡಿಯವರು ಈ ಸಲ ತಾವೇ ಮೇಟಗಳ್ಳಿಗೆ ಬಂದರು. ಕೂತುಕೊಳ್ಳಲಿಲ್ಲ.

"ನೋಡಿ ಮೇಡಂ, ನಂಗೆ ನಿಮ್ಮೇಲೇನೂ ದ್ವೇಷ ಇಲ್ಲ. ಗಿರಾಕಿ ಬಂದು ಕೌಂಟರ್ ಮೇಲೆ ಮಿಷನ್ ತಂದು ಕುಕ್ಕುದ್ರೆ, ಕುಕ್ಕರ್ ನೋಡ್ತಾ ಇದ್ದ ಇನ್ನಿಬ್ರು ಗಿರಾಕೀನೂ ಎದ್ದೋಗ್ತಾರೆ. ಬೇಸ್ಗೆ ಬಂದೇಬುಡ್ತು. ಜ್ಯೂಸರ್ ಸೀಸನ್ನಲ್ಲಿ ನಾನು ರಿಪೇರಿ ಮಾತಾಡ್ತಾ ಕೂರಕ್ಕಾಗಲ್ಲ. ಇದೇ ಕೊನೆ ಸ್ಟಿಕ್ಕರ್ ಅನ್ಕೊಳಿ. ಇನ್ನೂ ಹಿಂಗೇ ಬಂದ್ರೆ ಇರೋ ಮಾಲೆಲ್ಲ ನೀವೇ ಎತ್ಕೊಂಡೋಗಿ."

ಅವರು ಹೋದ ಮೇಲೆ ಒಡತಿ ಪ್ಲಾಸ್ಟಿಕ್ ಭಾಗಗಳನ್ನು ಎರಕ ಹೊಯ್ಯುವ ಅಚ್ಚಿನ ಯಂತ್ರದ ಕಡೆ ತಿರುಗಿದರು. ಲಿವರೇ ಬೇಡ, ಒತ್ತಡ ಹೆಚ್ಚಾದಾಗ ತಾನೇ ತೆರೆದುಕೊಳ್ಳುವ ಸ್ಪ್ರಿಂಗಿನ ಬಾಗಿಲು ಮಾಡಬಹುದಲ್ಲ ಎಂದೆ. ಮಾಡಬಹುದು, ಆದರೆ ಅದಕ್ಕೆ ಹೊಸ ಅಚ್ಚೇ ಬೇಕು, ಬೇಸಿಗೆಯೊಳಗೆ ಆಗದು ಎಂದರು. ಹಾಗಾಗಿ ಎಲ್ಲವೂ ಮತ್ತೆ ಎರಡಕ್ಷರದ ಎರಡು ಪದಗಳ ಮೇಲೆಯೇ ಬಂದು ಕೂತಿತು. ಅಷ್ಟು ಭಾರವನ್ನು ನನ್ನ ಯಾವ ಪದವೂ ಅದುವರೆಗೆ ಹೊತ್ತಿರಲಿಲ್ಲ.

ವಾಪಸ್ ಬಂದವುಗಳ ನಡುವೆ ಒಂದು ಯಂತ್ರ ನನ್ನ ಗಮನ ಸೆಳೆಯಿತು. ಅದರ ಲಿವರು "ಹಿಡಿ"ಯಲ್ಲಿತ್ತು, ಅದು ಹೊಸದಲ್ಲ. ಆದರೆ ಲಿವರಿನ ಮೇಲೆ ಅಡ್ಡಡ್ಡ ಟೇಪು ಅಂಟಿಸಿದ್ದರು. ಯಾರೋ ಶ್ರದ್ಧೆಯಿಂದ, ಅಂಚು ಕತ್ತರಿಸಿ, ಗಾಳಿ ಗುಳ್ಳೆ ಬರದಂತೆ ಒತ್ತಿ ಅಂಟಿಸಿದ ಟೇಪು. ಅದು ಓದದವರ ಕೆಲಸವಲ್ಲ. ಚೆನ್ನಾಗಿ ಓದಿದವರ ಕೆಲಸ. ಓದಿ, ಲಿವರನ್ನು ಯಾರೂ ಮುಟ್ಟಬಾರದು ಎಂದು ತಿಳಿದುಕೊಂಡವರ ಕೆಲಸ.

"ಇದು ಯಾರ ಮನೆಯದು?" ಎಂದೆ.

ಅಂಗಡಿಯವರಿಗೆ ಫೋನು ಮಾಡಿ ಕೇಳಿದಾಗ ದಟ್ಟಗಳ್ಳಿಯ ಒಂದು ವಿಳಾಸ ಸಿಕ್ಕಿತು. ರಿಪೇರಿಯಾದ ಯಂತ್ರವನ್ನು ಅವರಿಗೆ ನಾವೇ ಮುಟ್ಟಿಸಿ, ಅವರು ಅದನ್ನು ಹೇಗೆ ನಡೆಸುತ್ತಾರೆ ಎಂದು ನೋಡಿಕೊಂಡು ಬರುವುದೆಂದು ನಾನು ತೀರ್ಮಾನಿಸಿದೆ. ಕೈಪಿಡಿಗಳನ್ನು ಬರೆಯುತ್ತ ಬಂದಿದ್ದೇನೆ. ಒಬ್ಬ ಓದುಗ ಅವನ್ನು ಓದುವಾಗ ಎದುರಿಗೆ ಕೂತಿದ್ದೇನೆಯೇ ಎಂದು ಕೇಳಿದರೆ, ಇಲ್ಲ. ಬರೆಯುವವರು ಸಾಮಾನ್ಯವಾಗಿ ಈ ಅಪಾಯವನ್ನು ತಪ್ಪಿಸಿಕೊಂಡೇ ಬದುಕುತ್ತಾರೆ.

ಒಡತಿ ಒಂದು ಷರತ್ತು ಹಾಕಿದರು. "ನೀವು ಅಲ್ಲಿ ಬಾಯಿ ಬಿಡ್ಬಾರ್ದು ಮೇಷ್ಟ್ರೇ. ಬಿಟ್ರೆ ನೀವೇ ಎಲ್ಲ ಹೇಳ್ಕೊಟ್ಬುಡ್ತೀರ. ಆಮೇಲೆ ಸ್ಟಿಕ್ಕರ್ ಜೊತೆ ನಿಮ್ಮನ್ನೂ ಒಂದೊಂದ್ ಮನೇಗೆ ಅಂಟಿಸ್ಬೇಕಾಗ್ತದೆ."

ದಟ್ಟಗಳ್ಳಿಯ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಯಜಮಾನರು ಯಾವುದೋ ಇಲಾಖೆಯಲ್ಲಿ ಆದೇಶಗಳನ್ನು ಓದಿ ಓದಿ ಸ್ವರವನ್ನೇ ಆದೇಶದಂತೆ ಮಾಡಿಕೊಂಡವರು. ಯಜಮಾನಿತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಬೆಳಿಗ್ಗೆ ವಾಕಿಂಗ್ ಬರುವ ಯಾರದೋ ಮಾತು ಕೇಳಿ ಗಂಡನಿಗೆ ದಿನಾ ಕ್ಯಾರೆಟ್, ಬೀಟ್‌ರೂಟ್, ಬೂದುಗುಂಬಳದ ರಸ ಕುಡಿಸಲು ನಿಶ್ಚಯಿಸಿದ್ದರು. ಗಂಡನ ಮುಖ ನೋಡಿದರೆ ಜ್ಯೂಸರ್ ವಾಪಸ್ ಬಂದದ್ದು ಅವರಿಗೆ ಅಷ್ಟೇನೂ ಹಬ್ಬವಾಗಿರಲಿಲ್ಲ.

ಒಡತಿ ಕುರ್ಚಿಯಲ್ಲಿ ಕೂತು, "ನಾವಿಲ್ಲ ಅನ್ಕೊಂಡು ದಿನಾ ಎಂಗೆ ಮಾಡ್ತೀರೋ ಅಂಗೇ ಮಾಡಿಮ್ಮ," ಎಂದರು. ನಾನು ಗೋಡೆಯ ಕಡೆ ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡೆ.

ಅಲ್ಲಿ ನಾನು ಕಂಡ ಮೊದಲ ಸಂಗತಿ: ಆ ಮನೆಯಲ್ಲಿ ಕೈಪಿಡಿಯನ್ನು ಓದುವವರೇ ಬೇರೆ, ಯಂತ್ರ ನಡೆಸುವವರೇ ಬೇರೆ. ಹೆಂಡತಿಯ ಕೈ ತರಕಾರಿಯಲ್ಲಿ ಒದ್ದೆ. ಗಂಡನ ಕೈಯಲ್ಲಿ ಕನ್ನಡಕ. ಅವರು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ಕೂತು, ಗಟ್ಟಿಯಾಗಿ ಓದುತ್ತಾರೆ. ಇವರು ಒಳಗೆ ಕೇಳಿಸಿಕೊಂಡು ಮಾಡುತ್ತಾರೆ. ನಮ್ಮ ಮನೆಯಲ್ಲೂ ಮಿಕ್ಸಿಯಿಂದ ಹಿಡಿದು ವ್ರತದ ಪುಸ್ತಕದವರೆಗೆ ಇದೇ ಕ್ರಮ. ಆದರೂ ನನ್ನ ಓದುಗ ಒಬ್ಬಂಟಿಯಾಗಿ, ಮೌನವಾಗಿ, ಬೆರಳಿಟ್ಟುಕೊಂಡು ಓದುತ್ತಾನೆ ಎಂದೇ ನಂಬಿಕೊಂಡಿದ್ದೆ. ನಾನು ಕಣ್ಣಿಗೆ ಬರೆದದ್ದು ಕಿವಿಗೆ ಹೋಗುತ್ತಿತ್ತು.

"ಕ್ರಮ ಸಂಖ್ಯೆ ಮೂರು," ಎಂದು ಯಜಮಾನರು ಓದಿದರು. "ರಸವು ಬಟ್ಟಲಿನಲ್ಲಿ ತುಂಬುತ್ತಿದ್ದಂತೆ, ಹಿಪ್ಪೆಯು ಬಾಯಿಗೆ ಬಂದಾಗ, ಲಿವರನ್ನು ಬಿಡಿ."

ಒಳಗಿನಿಂದ ಯಂತ್ರದ ಸದ್ದು. ಅದರ ಮೇಲೆ ಯಜಮಾನಿತಿಯ ಸ್ವರ: "ಏನು ಮಾಡ್ಬೇಕಂತೆ?"

"ಲಿವರ್ ಬಿಡಬೇಕಂತೆ."

"ನಾನು ಹಿಡ್ಕೊಂಡೇ ಇಲ್ವಲ್ರೀ, ಬಿಡೋದು ಹೆಂಗೆ?"

"ಹಿಡ್ಕೊಂಡಿಲ್ಲ ಅಂದ್ಮೇಲೆ ಬಿಟ್ಟಿದೀಯ ಅಂತಾಯ್ತಲ್ಲ. ಮುಂದಕ್ಕೆ ಓದ್ಲಾ?"

"ಇರಿ ಇರಿ. ಇಲ್ಲಿ ಲಿವರಿನ ಪಕ್ಕದಲ್ಲಿ ‘ಹಿಡಿ’ ಅಂತ ಬರ್ದಿದಾರೆ. ಇದು ಹಿಡಿಕೇನಾ?"

"ಹಿಡಿ ಅಂದ್ರೆ ಹಿಡಿಕೆ. ಆ ಕಡೆ ಏನಿದೆ?"

"ಬಿಡಿ ಅಂತಿದೆ."

"ಮತ್ತೆ? ಅದು ಹಿಡಿಕೆ, ಅದನ್ನ ಬಿಡಿ ಅಂತ. ಮೇಲೆ ಕೆಂಪಕ್ಷರದಲ್ಲೂ ಹಾಕಿದಾರೆ ನೋಡು, ಲಿವರ್ ಬಿಡಿ, ಅಂತ. ಹೋದ್ಸಲ ಟೇಪ್ ಹಾಕಿದ್ದೆ, ಅಂಗ್ಡಿಯೋರು ಕಿತ್ತಾಕಿದಾರೆ. ನೀನು ಅದರ ತಂಟೆಗೆ ಹೋಗ್ಬೇಡ ಕಣೇ."

ಒಡತಿ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ.

ಯಂತ್ರದ ಸದ್ದು ದಪ್ಪವಾಗತೊಡಗಿತು. ಆ ದಪ್ಪವನ್ನು ನಾನು ಬಲ್ಲೆ. ಹಿಪ್ಪೆ ಬಾಗಿಲಿಗೆ ಬಂದು ನಿಂತು ಕದ ತಟ್ಟುತ್ತಿರುವ ಸದ್ದು ಅದು. ಬಾಯಿ ಬಿಡುವ ಹಾಗಿಲ್ಲ. ನಾನೇ ಬರೆದ ಪದ, ನಾನೇ ಆರಿಸಿದ ಪ್ರಾಸ, ಅದು ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಕಿವಿ ಸೇರುವಷ್ಟರಲ್ಲಿ ತಲೆಕೆಳಗಾಗುವುದನ್ನು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ. ಯಜಮಾನರು ತಪ್ಪು ಓದಿರಲಿಲ್ಲ. ಈ ಊರಿನಲ್ಲಿ "ಬಿಡಿ" ಎಂದರೆ ಮೊದಲು ಹೊಳೆಯುವುದು ಅದೇ. ಚಿಲ್ಲರೆ ಇಲ್ಲವೇ, ಬಿಡಿ. ಬಸ್ಸು ಹೋಯಿತೇ, ಹೋಗಲಿ ಬಿಡಿ. ಪಕ್ಕದವರು ಕಾಂಪೌಂಡು ಒತ್ತರಿಸಿದರೇ, ಅವರ ವಿಷಯ ಬಿಡಿ. ಎಂಥ ಜಗಳವನ್ನೂ ಈ ಒಂದು ಪದದಿಂದ ಮುಗಿಸಿ ಕಾಫಿಗೆ ಕೂರುವ ಜನ ನಾವು. ಅಂಥವರಿಗೆ ಕೆಂಪಕ್ಷರದಲ್ಲಿ "ಬಿಡಿ!" ಎಂದು ಬರೆದುಕೊಟ್ಟು, ಅವರು ಬಿಟ್ಟದ್ದಕ್ಕೆ ನಾನು ಅವರನ್ನೇ ಬೈದುಕೊಂಡಿದ್ದೆ.

ಯಂತ್ರ ಒಮ್ಮೆ ನರಳಿ ನಿಂತಿತು.

"ಆಯ್ತಾ?" ಎಂದರು ಯಜಮಾನರು. ಅವರ ದನಿಯಲ್ಲಿ ದುಃಖವಿರಲಿಲ್ಲ. "ಹೋಗ್ಲಿ, ಇವತ್ತು ಜ್ಯೂಸ್ ಬಿಡು. ಕಾಫಿ ಮಾಡು, ಇವ್ರೂ ಬಂದಿದಾರೆ."

"ಕಾಫಿಗೆ ನೆಪ ಸಿಕ್ತು ನಿಮಗೆ," ಎನ್ನುತ್ತ ಯಜಮಾನಿತಿ ಮೋಟಾರಿನಿಂದ ಬಟ್ಟಲನ್ನು ಬಿಡಿಸಿ ಎತ್ತಿಕೊಂಡರು. ಮುಚ್ಚಳ ಅದಕ್ಕೆ ಕಚ್ಚಿಕೊಂಡೇ ಇತ್ತು. ಬಚ್ಚಲಿನ ಬಿಸಿನೀರಿಗೆ ಹಿಡಿಯಬೇಕೆಂದು ಹೊರಟರೆ ಬಾಗಿಲಲ್ಲಿ ಗಂಡ, ಕುರ್ಚಿ, ಕೈಪಿಡಿ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಅದರಿಂದ ಕೆಂಪು ರಸ ತೊಟ್ಟಿಕ್ಕುತ್ತಿರಲು, ಆಕೆ ಗದರಿದರು:

"ರೀ, ದಾರಿ ಬಿಡ್ರೀ!"

ಯಜಮಾನರು ಎದ್ದರು. ಕುರ್ಚಿಯನ್ನು ಎಳೆದರು. ಗೋಡೆಗೆ ಒತ್ತಿ ನಿಂತು ಹೊಟ್ಟೆಯನ್ನೂ ಒಳಗೆ ಎಳೆದುಕೊಂಡರು. ಬಿಡುವುದು ಎಂದರೆ ಏನು ಎಂದು ಕೇಳಲಿಲ್ಲ. ನಾನು ದಾರಿಯನ್ನು ಹಿಡಿದುಕೊಂಡೇ ಇಲ್ಲವಲ್ಲ ಎನ್ನಲಿಲ್ಲ. ಯಜಮಾನಿತಿ ಬಟ್ಟಲಿನೊಂದಿಗೆ ಮುಂದೆ ಹೋದರು.

ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆ. ಒಡತಿ, "ಏನ್ ಮೇಷ್ಟ್ರೇ?" ಎಂದರು. "ಸಿಕ್ಕಿತು," ಎಂದೆ. ಷರತ್ತು ಮುರಿದದ್ದು ಅಲ್ಲೇ.

ಪದ ತಪ್ಪಲ್ಲ. ಅದನ್ನು ಒಂಟಿಯಾಗಿ ಕಳಿಸಿದ್ದು ತಪ್ಪು. ಕಣ್ಣು ಬಿಡು, ಬಾಯಿ ಬಿಡು ಎಂದು ನಾನು ಉದಾಹರಣೆ ಕೊಟ್ಟುಕೊಂಡಿದ್ದೆನಲ್ಲ, ಅಲ್ಲೆಲ್ಲ ತೆರೆಯುವ ಕೆಲಸವನ್ನು "ಬಿಡು" ಮಾಡುವುದು ಪಕ್ಕದಲ್ಲಿ ಕಣ್ಣೋ ಬಾಯೋ ಇದ್ದಾಗ. ಅದೇ ಪದ ಊಟದ ಪಕ್ಕ ನಿಂತರೆ ಉಪವಾಸ, ಮಾತಿನ ಪಕ್ಕ ನಿಂತರೆ ಜಗಳ. ಒಬ್ಬಂಟಿ ನಿಂತರೆ ಬರೀ ಉದಾಸೀನ. ಲಿವರಿನ ಪಕ್ಕ ಅದನ್ನು ನಿಲ್ಲಿಸಿದರೆ ಲಿವರು ಪರಿತ್ಯಕ್ತವಾಗದೆ ಇನ್ನೇನಾದೀತು? ತೆರೆಯಬೇಕಾದದ್ದು ಲಿವರನ್ನಲ್ಲ, ದಾರಿಯನ್ನು.

ಹಾಗಾದರೆ ಇನ್ನೊಂದು ಬದಿಗೆ ಏನು? "ದಾರಿ ತಡೆಯಿರಿ", "ದಾರಿ ಕಟ್ಟಿ" ಎಂದೆಲ್ಲ ನಾನು ಹೇಳುತ್ತಿದ್ದೆ. ಯಜಮಾನರು, ಈಗ ಕಾಫಿ ಲೋಟ ಕೈಗೆ ಬಂದು ಉದಾರಿಗಳಾಗಿದ್ದವರು, "ದಾರಿ ಬಂದ್ ಅನ್ನಿ ಸಾರ್, ಯಾರಿಗೆ ಗೊತ್ತಾಗಲ್ಲ?" ಎಂದರು. ನಾನು ಹಿಂಜರಿದೆ. ಇಷ್ಟು ಕಾಲ ಕನ್ನಡ ಬರೆದು ಕೊನೆಗೆ ಒಂದು ಜ್ಯೂಸರಿನ ಬಾಯಿಗೆ "ಬಂದ್" ಹಾಕುವುದೇ? ಒಡತಿ ನನ್ನ ಮುಖ ನೋಡಿ, "ಮೇಷ್ಟ್ರೇ, ರಸ್ತೆಲಿ ಆ ಬೋರ್ಡ್ ನೋಡಿ ನೀವು ಗಾಡಿ ತಿರುಗ್ಸಲ್ವಾ?" ಎಂದರು. ತಿರುಗಿಸುತ್ತೇನೆ. ಅರ್ಜಿ, ತಕರಾರು, ಜಪ್ತಿಗಳ ಹಾಗೆ ಅದೂ ಎಂದೋ ಬಂದು ಇಲ್ಲೇ ರೇಷನ್ ಕಾರ್ಡು ಮಾಡಿಸಿಕೊಂಡ ಪದ. ಒಪ್ಪಿದೆ.

ಅಲ್ಲೇ ಒಂದು ಕಾಗದದ ಚೂರಿನ ಎರಡು ತುದಿಗೆ "ದಾರಿ ಬಂದ್", "ದಾರಿ ಬಿಡಿ" ಎಂದು ಬರೆದು, ಹಳೆಯ ಸ್ಟಿಕ್ಕರಿನ ಮೇಲೆ ಅಂಟಿಸಿದೆವು. ಯಜಮಾನಿತಿ ಬಿಸಿನೀರಿನಲ್ಲಿ ಮುಚ್ಚಳ ಬಿಡಿಸಿಕೊಂಡು, ಜರಡಿ ತೊಳೆದು ತಂದಿದ್ದರು. ಯಜಮಾನರನ್ನು ಮತ್ತೆ ಬಾಗಿಲಲ್ಲಿ ಕೂರಿಸಿದೆವು. ನಾನು ಬಾಯಿಯಲ್ಲಿ ಹೇಳಿದ ಹೊಸ ಸಾಲನ್ನು ಅವರು ಅದೇ ಆದೇಶದ ಸ್ವರದಲ್ಲಿ ಸಾರಿದರು: "ಹಿಪ್ಪೆಯು ಬಾಯಿಗೆ ಬಂದಾಗ ಹಿಪ್ಪೆಗೆ ದಾರಿ ಬಿಡಿ!"

ಒಳಗಿನಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಟಕ್ ಎಂದು ಲಿವರು ಸರಿದ ಸದ್ದಾಯಿತು. ದಪ್ಪವಾಗಹೊರಟಿದ್ದ ಯಂತ್ರದ ಸ್ವರ ತೆಳುವಾಯಿತು. ಹಿಪ್ಪೆ ಕೆಂಪು ಹಗ್ಗದಂತೆ ಹೊರಬಂದು ತಟ್ಟೆಗೆ ಬಿತ್ತು. ನಾನು ಅದನ್ನು ಮುಷ್ಟಿಯಲ್ಲಿ ಹಿಂಡಿದೆ. ಉದುರಿತು. ಒಡತಿಗೆ ತೋರಿಸಿದೆ. ಅವರೂ ಒಂದು ಹಿಡಿ ತೆಗೆದುಕೊಂಡು ಹಿಂಡಿ, ಅಂಗೈ ಬಿಚ್ಚಿ ನೋಡಿದರು.

"ಮುಚ್ಚಳ?" ಎಂದರು.

ಯಜಮಾನಿತಿ ಗುಂಡಿ ನಿಲ್ಲಿಸಿ ಒಂದು ಕೈಯಲ್ಲಿ ತಿರುಗಿಸಿದರು. ಬಂತು.

ಯಜಮಾನರ ಮುಂದೆ ಲೋಟ ತುಂಬ ಬೀಟ್‌ರೂಟಿನ ರಸ ಬಂದು ನಿಂತಿತು. ಅವರು ನನ್ನ ಕಡೆ ನೋಡಿದ ನೋಟವನ್ನು ಕೃತಜ್ಞತೆ ಎಂದು ಕರೆಯಲು ನನಗೆ ಧೈರ್ಯವಿಲ್ಲ.

ಕೈಪಿಡಿಯನ್ನು ಪೂರ್ತಿ ಮತ್ತೆ ಬರೆದೆ. ಈ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಒಡತಿಯನ್ನು ಗೋಡೆಯಾಚೆ ನಿಲ್ಲಿಸಿ, ಅವರು ಬರೀ ಕಿವಿಯಿಂದ ಕೇಳಿ ಏನು ಮಾಡುತ್ತಾರೆ ಎಂದು ನೋಡಿ ಬರೆದೆ. "ಸಿಪ್ಪೆ ಬಿಡಿಸಿ" ಎಂಬುದನ್ನು "ಸಿಪ್ಪೆ ಸುಲಿಯಿರಿ" ಮಾಡಿದೆ. ಆ ಧಾತುವಿನ ಮೇಲೆ ನನಗೆ ಅಷ್ಟು ಭಯ ಹುಟ್ಟಿತ್ತು. ಅಂಗಡಿಯಲ್ಲಿ ಉಳಿದಿದ್ದ ಯಂತ್ರಗಳಿಗೆಲ್ಲ ನಾನೂ ಒಡತಿಯೂ ಹೋಗಿ ಕೊನೆಯ ಸ್ಟಿಕ್ಕರು ಅಂಟಿಸಿ ಬಂದೆವು. ಅಂಗಡಿಯವರು ಕುಕ್ಕರು ಒರೆಸುತ್ತ ನೋಡಿದರು.

ಆಮೇಲೆ ಮೌನ. ದೂರು ಬಂತೇ, ಬರಲಿಲ್ಲವೇ, ಮಾರಾಟವೇ ನಿಂತುಹೋಯಿತೇ, ಒಂದೂ ತಿಳಿಯಲಿಲ್ಲ. ಒಡತಿ ತಾವಾಗಿ ಫೋನು ಮಾಡಲು ಒಪ್ಪಲಿಲ್ಲ. ಮಾವಿನ ಹಣ್ಣು ಗಾಡಿಗಳ ಮೇಲೆ ಕಾಣಿಸಿಕೊಂಡಿತು. ಕೊನೆಗೆ ಒಂದು ಬೆಳಿಗ್ಗೆ ಒಡತಿಯೇ ನನ್ನನ್ನು ಕರೆಸಿದರು.

"ಅಂಗ್ಡಿಯೋರು ಫೋನ್ ಮಾಡಿದ್ರು ಮೇಷ್ಟ್ರೇ. ಅಲ್ಲಿ ಗಲಾಟೆ, ಸರಿಯಾಗಿ ಕೇಳಿಸ್ಲಿಲ್ಲ. ‘ಮೇಡಂ, ಉಳಿದಿರೋ ಮಿಷನ್ ಬಿಡಿ’ ಅಂದ್ರು, ಇಟ್ಬುಟ್ರು."

ನಾನು ಕುರ್ಚಿಯಲ್ಲಿ ಕೂತೆ.

"ಬಿಡಿ ಅಂದ್ರೆ ಏನ್ ಮೇಷ್ಟ್ರೇ? ನಿಮ್ಮ ಮಿಷನ್ ಸಹವಾಸ ಸಾಕು, ಬಿಡಿ ಅಂತಾನಾ? ಎತ್ಕೊಂಡೋಗಿ ಅಂತಾನಾ?"

ಈ ಪದದ ಬಗ್ಗೆ ಮೈಸೂರಿನಲ್ಲಿ ಆ ದಿನ ನನ್ನಷ್ಟು ಅಧ್ಯಯನ ಮಾಡಿದವರು ಇನ್ನೊಬ್ಬರು ಇರಲಿಲ್ಲ. ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ದಾರಿ ಇಲ್ಲ, ಕಣ್ಣಿಲ್ಲ, ಬಾಯಿಲ್ಲ. ತಿರುಗಿ ಫೋನು ಮಾಡಿದರೆ ಎತ್ತಲಿಲ್ಲ. ಒಡತಿ ಕೆಟ್ಟದ್ದನ್ನೇ ಅಂದುಕೊಂಡರು. ಹೇಳಿಸಿಕೊಳ್ಳುವ ಮೊದಲೇ ಮಾಲು ಎತ್ತಿಕೊಂಡು ಬರುವುದು ಮರ್ಯಾದೆ ಎಂದು ಒಂದು ಗೂಡ್ಸ್ ಆಟೋ ಮಾಡಿಸಿದರು. ಖಾಲಿ ಗಾಡಿಯ ಮುಂದೆ ಡ್ರೈವರಿನ ಪಕ್ಕ ಇಬ್ಬರೂ ಇರುಕಿಕೊಂಡು ಕೂತೆವು. ದಾರಿಯಲ್ಲಿ ಒಡತಿ, "ಗುಂಡಿ ಅಚ್ಚುಗಳನ್ನ ಮಾರಿಲ್ಲ, ಒಳಗೇ ಇಟ್ಟಿದೀನಿ," ಎಂದರು. ನಾನು "ಹೂಂ" ಎಂದೆ.

ಲಷ್ಕರ್ ಮೊಹಲ್ಲಾದ ಅಂಗಡಿಯ ಮುಂದೆ ಜನ. ಒಳಗೆ ಕೌಂಟರಿನ ಮೇಲೆ ನಮ್ಮ ಜ್ಯೂಸರ್ ತಿರುಗುತ್ತಿತ್ತು. ಅಂಗಡಿಯವರು ತೋಳು ಮಡಿಚಿ, ಒಬ್ಬ ಹೆಂಗಸಿಗೆ, "ನೋಡಿಮ್ಮ, ಇಲ್ಲಿ ಬಂದ್, ಇಲ್ಲಿ ಬಿಡಿ, ಅಷ್ಟೇ, ಮಕ್ಕಳೂ ಮಾಡ್ಬೋದು," ಎನ್ನುತ್ತಿದ್ದರು. ನಮ್ಮನ್ನು ಕಂಡು, ನಮ್ಮ ಹಿಂದಿನ ಖಾಲಿ ಆಟೋ ಕಂಡು, ಅವರ ಮುಖ ಕೆಂಪಾಯಿತು.

"ಏನ್ ಮೇಡಂ, ಖಾಲಿ ಗಾಡಿ ತಂದಿದೀರಾ? ಶೆಡ್ಡಲ್ಲಿ ಉಳಿದಿರೋ ಮಿಷನ್ ಬಿಡಿ ಅಂದ್ನಲ್ಲ! ಬೆಳಿಗ್ಗೆಯಿಂದ ಗಿರಾಕಿಗಳನ್ನ ಕೂರಿಸ್ಕೊಂಡಿದೀನಿ. ಇದೊಂದೇ ಉಳಿದಿರೋದು, ಇದನ್ನೂ ಈಯಮ್ಮ ತಗೊಂಡೋಗ್ತಾರಂತೆ. ಗಾಡೀಲಿ ಹಾಕಿ ಇಲ್ಲಿ ತಂದು ಬಿಡಿ ಅಂತ ಕನ್ನಡದಲ್ಲೇ ಹೇಳಿದ್ದಲ್ವಾ ನಾನು?"

ಒಡತಿ ಕೌಂಟರಿನ ಮೇಲಿನ ತಟ್ಟೆಯಿಂದ ಒಂದು ಹಿಡಿ ಹಿಪ್ಪೆ ಎತ್ತಿಕೊಂಡು ಹಿಂಡಿದರು. ಅವಲಕ್ಕಿ ಪುಡಿಯಂತೆ ಉದುರಿತು. ಕೈ ಕೊಡವಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕ್ಯಾರೆಟ್ಟಿನ ಪುಡಿ ಹಾರಿರಬಹುದು.

ಮೇಟಗಳ್ಳಿಗೆ ಹೋಗಿ ಗಾಡಿ ತುಂಬಿಸಿಕೊಂಡು ಬರಲು ಅದೇ ಆಟೋ ಹತ್ತಿದೆವು. ಗಲ್ಲಿಯ ತಿರುವಿನಲ್ಲಿ ಈರುಳ್ಳಿ ಗಾಡಿಯೊಂದು ಅಡ್ಡ ನಿಂತಿತ್ತು. ಡ್ರೈವರು ತಲೆ ಹೊರಗೆ ಹಾಕಿ, ನನ್ನ ಕೈಪಿಡಿಯ ಆ ಎರಡು ಪದಗಳನ್ನು, "ದಾರಿ ಬಿಡಿ!" ಎಂದು, ಗಂಟಲು ಹರಿಯುವಂತೆ ಕೂಗಿದ. ಈರುಳ್ಳಿಯವನು ಯಾವ ವ್ಯಾಖ್ಯಾನವನ್ನೂ ಕೇಳದೆ ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಂಡ.